ಎರಡು ನಿಮಿಷ ನಿಲ್ಲುವ ಊರು

ಚನ್ನರಾಯಪಟ್ಟಣ ಬಿಟ್ಟಾಗ ಬೆಳಿಗ್ಗೆ ಏಳು ಗಂಟೆ. ಊರೂರಲ್ಲಿ ಸ್ಥಳೀಯ ಸಂಸ್ಥೆಗಳ ಚುನಾವಣೆಯ ಗಲಾಟೆ. ಸಣ್ಣ ಊರುಗಳ ಕೆಲಸ, ವ್ಯಾಪಾರದ ಬಗ್ಗೆ ಅಭ್ಯರ್ಥಿಗಳು ಏನು ಹೇಳುತ್ತಾರೆಂದು ಕೇಳಿಕೊಂಡು ಮೈಸೂರಿಗೆ ಮರಳುವುದೆಂದು ಹೊರಟಿದ್ದೆ. ಹಿಂದಿನ ಸಂಜೆ ಅಲ್ಲಿಯ ಅಭ್ಯರ್ಥಿಯೊಬ್ಬರು ತೆಂಗಿನ ನಾರಿನ ಕಾರ್ಖಾನೆ ತರುತ್ತೇನೆಂದಿದ್ದರು. ಎಲ್ಲಿ ಎಂದು ಕೇಳಿದ್ದಕ್ಕೆ, "ಜಾಗ ನೋಡ್ತಾ ಇದೀವಿ ಸಾ" ಎಂದರು.

ಶಾಂತಿಗ್ರಾಮದಲ್ಲಿ ಹಾಲಿನ ಕ್ಯಾನು ಹತ್ತಿದವು. ಹಾಸನದಲ್ಲಿ ಬಸ್ಸು ಬದಲಿಸಿ ಅರಕಲಗೂಡು ತಲುಪಿದಾಗ ಬಿಸಿಲೇರಿತ್ತು. ಅಲ್ಲಿಯ ಅಭ್ಯರ್ಥಿಯ ಭರವಸೆ ಕಂಪ್ಯೂಟರ್ ತರಬೇತಿ. ಕಲಿತವರಿಗೆ ಕೆಲಸ ಯಾರು ಕೊಡುತ್ತಾರೆ ಎಂದೆ. "ಮೊದ್ಲು ಕಲೀಲಿ ಬಿಡಿ" ಎಂದರು. ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದೆ. ಅರ್ಥಶಾಸ್ತ್ರ ಓದಿದವನ ಚಾಳಿ.

ಹೊಳೆನರಸೀಪುರಕ್ಕೆ ಹೋಗಲು ಇನ್ನೊಂದು ಕಾರಣವಿತ್ತು. ತೊಂಬತ್ತರ ದಶಕದಲ್ಲಿ ನಾನು ಮೈಸೂರಿನಲ್ಲಿ ಎಂ.ಎ. ಓದುವಾಗ, ಹಾಸನದಿಂದ ಹೋಗುವ ಖಾಸಗಿ ಬಸ್ಸು ಇಲ್ಲಿಯ ಪೇಟೆಯಲ್ಲಿ ತಿಂಡಿಗೆ ನಿಲ್ಲುತ್ತಿತ್ತು. ಎದುರಿನ ಹೋಟೆಲಿನಿಂದ ಒಬ್ಬಳು ಬಂದು ಕಿಟಕಿಯಲ್ಲಿ ಕಾಫಿ ಲೋಟ ಕೊಡುತ್ತಿದ್ದಳು. ಹಸಿರು ಬಳೆಯ ಕೈ. ಮುಖ ನೆನಪಿಲ್ಲ. ಆ ಕೈ ಮಾತ್ರ ಇಷ್ಟು ವರ್ಷ ನನ್ನನ್ನು ಬಿಟ್ಟಿರಲಿಲ್ಲ.

ಹೋಟೆಲು ಅಲ್ಲೇ ಇತ್ತು. ನಡೆಸುತ್ತಿದ್ದ ಜಯಮ್ಮ ಪುರಸಭೆಗೂ ನಿಂತಿದ್ದರು. ಎರಡು ಇಡ್ಲಿ, ಒಂದು ವಡೆ, ನಲವತ್ತು ರೂಪಾಯಿ. ತಿನ್ನುತ್ತ, ಆಗೆಲ್ಲ ಹಸಿರು ಬಳೆ ಹಾಕಿಕೊಂಡು ಬಸ್ಸಿನ ಕಿಟಕಿಗೆ ಕಾಫಿ ಕೊಡುತ್ತಿದ್ದವರು ನೀವೇನಾ ಎಂದು ಕೇಳಿದೆ.

"ನಾನಾಗ ಮದ್ವೆಯಾಗಿ ಗಂಡನ ಮನೇಲಿದ್ದೆ ಸಾ. ನಮ್ ತಂಗಿ ಇರ್ಬೇಕು. ಅವ್ಳೂ ಬಳೆ ಆಕ್ತಿರ್ಲಿಲ್ಲ ಬಿಡಿ, ಇಟ್ಟು ಮೆತ್ಕೊತದೆ ಅಂತ."

ಇಷ್ಟು ವರ್ಷ ನಾನು ನೆನೆದದ್ದು ಯಾರ ಕೈಯನ್ನು? ಮಾತು ಬದಲಿಸಲು ಚುನಾವಣೆಯ ಬಗ್ಗೆ ಕೇಳಿದೆ.

"ಈಗ ಬಸ್ಸು ಎರಡು ನಿಮಿಷ ನಿಂತು ಓಯ್ತದೆ. ತಿಂಡಿಗೆ ಊರಾಚೆ ನಿಲ್ತದೆ. ಗೆದ್ದು ಇಲ್ಲಿ ನಿಲ್ಲಂಗೆ ಮಾಡುದ್ರೆ ಓಟ್ಲು ಉಳೀತದೆ. ಇಲ್ಲಾಂದ್ರೆ ಯುಗಾದಿಗೆ ಬೀಗ. ನಾನೊಬ್ಳೇ ಅಲ್ಲ, ಊವಿನೋರು, ಕಡ್ಲೆಕಾಯೋರು, ಎಲ್ರುದೂ ಇದೇ ಪಾಡು."

"ಬಸ್ಸು ನಿಲ್ಲಿಸುವ ಅಧಿಕಾರ ಪುರಸಭೆಗಿಲ್ಲವಲ್ಲಮ್ಮ."

"ನಿಲ್ಸು ಅಂತ ಯಾರು ಯೋಳ್ತಾರೆ? ಕಕ್ಕಸು ಕಟ್ಸದು, ನಲ್ಲಿ ಆಕ್ಸದು ಪುರಸಭೆ ಕೆಲ್ಸ ತಾನೆ? ಅದಿದ್ರೆ ಬಸ್ಸು ತಾನಾಗೇ ನಿಲ್ತದೆ."

ಮೂಲೆಯಲ್ಲಿ ತಿನ್ನುತ್ತಿದ್ದ ಯುವಕನೊಬ್ಬ ನಕ್ಕ. "ಕಕ್ಕಸ್ಗೆ ವೋಟು ಕೇಳ್ತಾಳೆ ನೋಡಿ ಸಾ. ಕಪ್ಪು-ಸಾಸರ್ ಗುರ್ತು ಕೇಳುದ್ಲು, ಒಲ್ಗೆ ಮಿಷನ್ ಕೊಟ್ರು. ಇಡ್ಲಿ ಒಲೀತೀಯೇನಕ್ಕಾ?"

"ಮೊದ್ಲು ನಿನ್ ಬಾಯಿ ಒಲೀತೀನಿ. ತಿನ್ಲಾ."

ನಾನೂ ನಕ್ಕೆ. ಜಯಮ್ಮನ ಹೆಸರಿನ ಮುಂದೆಯೂ ಒಂದು ಪ್ರಶ್ನೆ ಚಿಹ್ನೆ ಬಿತ್ತು. ಅವರ ತಂಗಿ ಈಗೆಲ್ಲಿದ್ದಾರೆಂದು ಕೇಳಬೇಕೆಂದುಕೊಳ್ಳುವಷ್ಟರಲ್ಲಿ ಮೈಸೂರಿನ ಬಸ್ಸು ಬಂದು ಹಾರನ್ ಹೊಡೆಯಿತು. ಓಡಿ ಹತ್ತಿದೆ. ಕಿಟಕಿಯಿಂದ ಹಿಂತಿರುಗಿ ನೋಡಿದರೆ ಅವರು ಆಗಲೇ ಬೆನ್ನು ತಿರುಗಿಸಿ ಟೇಬಲ್ ಒರೆಸುತ್ತಿದ್ದರು.

ಊರು ದಾಟಿದ ಸ್ವಲ್ಪ ಹೊತ್ತಿಗೆ ಬಸ್ಸು ರಸ್ತೆ ಬದಿಯ ದೊಡ್ಡ ಹೋಟೆಲಿನ ಮುಂದೆ ನಿಂತಿತು.

"ಇಳೀರಿ ಸಾ, ಅದಿನೈದು ನಿಮಿಷ ಐತೆ" ಎಂದ ಕಂಡಕ್ಟರ್.

"ಇದನ್ನೇ ಪೇಟೆಯಲ್ಲಿ ನಿಲ್ಲಿಸಬಾರದಾ?"

"ಎಂಗಸ್ರು ಮಕ್ಳು ಇರ್ತಾರೆ. ಅಲ್ಲಿ ಒಂದಕ್ಕೆ ಎಲ್ಲಿಗೆ ಓಗದು ಸಾ? ಜಾಗ ಇದ್ದಿದ್ರೆ ಅಲ್ಲೇ ನಿಲ್ಸ್ತಿದ್ವಪ್ಪ. ನಮ್ಗೇನು?"

ಅವನಿಗೆ ಜಯಮ್ಮ ಯಾರೆಂದೂ ಗೊತ್ತಿರಲಿಲ್ಲ. ಪುಸ್ತಕ ತೆಗೆದು ಅವರ ಹೆಸರಿನ ಮುಂದಿನ ಪ್ರಶ್ನೆ ಚಿಹ್ನೆಯನ್ನು ಹೊಡೆದು ಹಾಕಿದೆ. ಆದರೆ ನನ್ನ ವೋಟು ಇದ್ದದ್ದು ಮೈಸೂರಿನಲ್ಲಿ. ಎಲ್ಲರೂ ಒಳಗೆ ಹೋದರು. ನಾನು ಬಂದ ರಸ್ತೆಯ ಕಡೆ ಮುಖ ಮಾಡಿ, ಹದಿನೈದು ನಿಮಿಷವೂ ಹೊರಗೇ ನಿಂತಿದ್ದೆ.