ಹಳೆಯದು ಮಾಡಿಕೊಟ್ಟ ಹೊಸ ಸ್ಪ್ರಿಂಗು

ಪಂದ್ಯದ ಪಿಸ್ತೂಲುಗಳ ಲೋಕದಲ್ಲಿ ಕಪ್ಪು ಎತ್ತಿಕೊಂಡು ನಿಂತವರ ಫೋಟೊಗಳಿಗೆ ಬರವಿಲ್ಲ. ಆ ಪಿಸ್ತೂಲನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ ಕೈಗಿಟ್ಟವರನ್ನು ಮಾತ್ರ ಯಾರೂ ನೆನೆಯುವುದಿಲ್ಲ. ನಮ್ಮ ಶೂಟಿಂಗ್ ಕ್ಲಬ್ಬಿನ ದುರಸ್ತಿ ವಿಭಾಗದ ಮುಖ್ಯಸ್ಥರಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ಮಾನ್ಯ ಇಂಜಿನಿಯರ್ ಮೇಡಂ ಅವರೊಬ್ಬರು ಇದಕ್ಕೆ ಅಪವಾದ. ಅವರನ್ನು ನೆನೆಯದೆ ಇರಲು ಅವರು ಯಾರನ್ನೂ ಬಿಟ್ಟವರೇ ಅಲ್ಲ! ಅವರು ನನ್ನ ಅಣ್ಣನ ಹೆಂಡತಿ. ನಾನು ರೇಂಜಿನಲ್ಲೂ ಬಾಯಿ ತಪ್ಪದೆ 'ಅತ್ತಿಗೆ' ಎಂದು ಕರೆಯುತ್ತಿದ್ದುದರಿಂದ ಅವರು ಇಡೀ ಕ್ಲಬ್ಬಿಗೇ ಅತ್ತಿಗೆಯಾದರು. ನಾದಿನಿಯೊಬ್ಬಳು ಅತ್ತಿಗೆಯನ್ನು ಮನಸಾರೆ ಹೊಗಳುವುದು ಅಪರೂಪದ ಸಂಗತಿಯಾದ್ದರಿಂದ, ಈ ಬೀಳ್ಕೊಡುಗೆ ಸಂಪುಟದ ಸಂಪಾದಕರು ನನ್ನ ಲೇಖನವನ್ನು ಜೋಪಾನವಾಗಿ ಕಾಪಾಡಬೇಕೆಂದು ಕೋರುತ್ತೇನೆ.

ಗುಂಡು ಹಾರಿದೊಡನೆ ಹಿಂದಕ್ಕೆ ನುಗ್ಗುವ ಸ್ಲೈಡನ್ನು, ಅಂದರೆ ಪಿಸ್ತೂಲಿನ ಮೇಲಿನ ಜಾರುವ ಭಾಗವನ್ನು, ತಡೆದು, ಮತ್ತೆ ಮುಂದಕ್ಕೆ ತಳ್ಳಿ, ಮುಂದಿನ ತೋಟಾವನ್ನು ನಳಿಕೆಗೆ ಏರಿಸುವ ಸುರುಳಿಯೇ ಈ ಸ್ಪ್ರಿಂಗು. ಅದು ದಣಿದರೆ ಸ್ಲೈಡು ದಡಾರನೆ ಬಡಿಯುತ್ತದೆ, ಕೈ ಅದುರುತ್ತದೆ, ಗುರಿ ಕದಲುತ್ತದೆ. ಇಂತಿಷ್ಟು ಸಾವಿರ ಗುಂಡಾದ ಮೇಲೆ ಬದಲಿಸಿ ಎಂದು ತಯಾರಕರು ಹೇಳುತ್ತಾರೆ. ಅತ್ತಿಗೆ ಅದನ್ನು ತಳ್ಳಿಹಾಕಿದವರಲ್ಲ. ಆದರೆ ಒಬ್ಬೊಬ್ಬರ ತೋಟಾದ ಮದ್ದು ಒಂದೊಂದು ಹದದ್ದಾಗಿರುವಾಗ ಎಲ್ಲರ ಸ್ಪ್ರಿಂಗೂ ಒಂದೇ ದಿನ ದಣಿಯುವುದೆಂದು ನಂಬಿ ಕೂತವರೂ ಅಲ್ಲ. ಪ್ರತಿ ಶೂಟರ ಬಲಗಡೆ ನೆಲದ ಮೇಲೆ, ಒಳ್ಳೆಯ ಸ್ಪ್ರಿಂಗಿನಲ್ಲಿ ಖಾಲಿ ತೋಟಾಗಳು ಎಲ್ಲಿ ಬೀಳುತ್ತವೆಯೋ ಅಲ್ಲೊಂದು ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ದಣಿದ ಸ್ಪ್ರಿಂಗು ಖಾಲಿಗಳನ್ನು ಇನ್ನೂ ದೂರ ಎಸೆಯುತ್ತದೆ; ಅವು ಗೆರೆ ದಾಟತೊಡಗಿದರೆ ಸ್ಪ್ರಿಂಗಿನ ಕಥೆ ಮುಗಿಯಿತು. ಕುಂಟೆಬಿಲ್ಲೆಯ ಅಂಗಳದಂತೆ ಕಾಣುತ್ತಿದ್ದ ನಮ್ಮ ರೇಂಜನ್ನು ಕಂಡು ಹೊರಗಿನ ತಂಡಗಳು ನಗುತ್ತಿದ್ದುದುಂಟು.

ನಾನು ಹೊಸದಾಗಿ ಸೇರಿದಾಗ ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಿದ್ದೆ. ಪುಕ್ಕಲು ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದಾಗ, ಅತ್ತಿಗೆ ಪಿಸ್ತೂಲು ಇಸಿದುಕೊಂಡು, ಸ್ಪ್ರಿಂಗು ತೆಗೆದು, ಹೊಸದರ ಪಕ್ಕದಲ್ಲಿ ಮೇಜಿನ ಮೇಲೆ ನಿಲ್ಲಿಸಿದರು. ನನ್ನದು ಎಷ್ಟೋ ಕುಗ್ಗಿಹೋಗಿತ್ತು. "ಇವಳು ಪುಕ್ಕಲು ಅಲ್ಲ ಕಣ್ರೀ, ಇಷ್ಟು ದಿನ ಸುಮ್ನೆ ಒದೆ ತಿಂತಾ ಇದ್ಳು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅಂದಿನಿಂದ ನನ್ನ ಕಣ್ಣು ಮುಚ್ಚಿಲ್ಲ, ಬಾಯಿಯೂ ಮುಚ್ಚಿಲ್ಲ.

ಇಂಥವರೂ ಒಮ್ಮೆ ಎಡವಿದರು. ಕ್ಲಬ್ಬುಗಳ ನಡುವಿನ ದೊಡ್ಡ ಪಂದ್ಯಾವಳಿಯಲ್ಲಿ ನಾನು, ಹಲ್ಲಿನ ಡಾಕ್ಟರು, ಡ್ರಾಯಿಂಗ್ ಟೀಚರು ಮೂವರ ತಂಡ ಮೊದಲ ಬಾರಿಗೆ ಫೈನಲ್ ತಲುಪಿತ್ತು. ಹಿಂದಿನ ದಿನ ಅತ್ತಿಗೆ ಡಾಕ್ಟರ ಪಿಸ್ತೂಲಿಗೆ ಹೊಸ ಸ್ಪ್ರಿಂಗು ಹಾಕಿದರು. ಡಾಕ್ಟರದ್ದು ಕಡಿಮೆ ಮದ್ದಿನ ಮೆತ್ತನೆಯ ತೋಟಾ. ಹೊಸ ಸ್ಪ್ರಿಂಗಿನ ಬಿಗಿಗೆ ಸ್ಲೈಡು ಪೂರ್ತಿ ಹಿಂದೆ ಸರಿಯದೆ, ಖಾಲಿ ತೋಟಾ ಹೊರಗೆ ಹಾರದೆ ಪಿಸ್ತೂಲಿನಲ್ಲೇ ಕಚ್ಚಿಕೊಂಡಿತು. ಕಪ್ಪು ಕೈಗೆ ಬಂದಂತಾಗಿ ಜಾರಿಹೋಯಿತು. ಮರುವಾರದ ಸಭೆಯಲ್ಲಿ ಕಾರ್ಯದರ್ಶಿಗಳು ಗುಡುಗಿದರು: "ಇನ್ನೊಂದ್ಸಲ ಹೀಗಾದ್ರೆ ರಿಪೇರಿ ರೂಮೇ ಬೇಡ. ಹೊರಗಿನ ಅಂಗಡಿಗೆ ಕೊಟ್ಬಿಡೋಣ." ಅತ್ತಿಗೆ ಎದ್ದು ನಿಂತು, "ತಪ್ಪು ನಂದೇ. ಹೊಸದು ಹಾಕಿದ್ದು ತಪ್ಪಲ್ಲ, ಹಾಕಿದ ದಿನ ತಪ್ಪು" ಎಂದಷ್ಟೇ ಹೇಳಿ ಕುಳಿತರು. ತಾವೇ ಬಣ್ಣ ಬಳಿದು, ತಾವೇ ಬೆಂಚು ಕೂರಿಸಿ ಕಟ್ಟಿಕೊಂಡ ಕೋಣೆ ಆ ರಿಪೇರಿ ರೂಮು. ಅಣ್ಣ ಮನೆಯಲ್ಲಿ ಇನ್ನೊಂದು ಕಪಾಟು ಕೊಳ್ಳೋಣ ಎಂದರೆ ಬೇಡವೆಂದವರು, ಆ ಕೋಣೆಗೆ ಮಾತ್ರ ಎರಡು ಮಾಡಿಸಿದ್ದರು.

ಆ ವರ್ಷವಿಡೀ ಅಭ್ಯಾಸ ಮುಗಿದ ಮೇಲೆ ಅತ್ತಿಗೆಯೇ ಪಿಸ್ತೂಲು ಹಿಡಿದು ನಿಲ್ಲತೊಡಗಿದರು. ಹೊಡೆತವೆಲ್ಲ ಎತ್ತಲೋ ಹೋಗುತ್ತಿತ್ತು, ಪಿಸ್ತೂಲು ನಡುನಡುವೆ ಕಚ್ಚಿಕೊಳ್ಳುತ್ತಿತ್ತು. "ಅತ್ತಿಗೆ, ಗುರಿ ಆ ಕಡೆ ಇದೆ!" ಎಂದು ನಾವು ರೇಗಿಸಿದರೆ, "ನಿಮ್ಮ ಕೆಲ್ಸ ನೋಡ್ಕೊಳ್ರೋ" ಎಂದು ಗದರುತ್ತಿದ್ದರೇ ಹೊರತು ಯಾಕೆಂದು ಬಾಯಿ ಬಿಡಲಿಲ್ಲ.

ಮರುವರ್ಷ ನಮ್ಮ ತಂಡ ಮತ್ತೆ ಫೈನಲ್ ತಲುಪಿತು. ಸೆಮಿಫೈನಲ್ಲಿನಲ್ಲಿ ತಮ್ಮ ಜೀವಮಾನದ ಅತ್ಯುತ್ತಮ ಅಂಕ ಗಳಿಸಿದ್ದ ಡಾಕ್ಟರು, ಗೆದ್ದ ಪಿಸ್ತೂಲನ್ನು ಮುಟ್ಟಲು ದೇವರಿಗೂ ಬಿಡುವುದಿಲ್ಲವೆಂದು ಹಟ ಹಿಡಿದಿದ್ದರು. ಫೈನಲ್ಲಿನ ಬೆಳಗಿನ ಅಭ್ಯಾಸದಲ್ಲಿ, ಪರಸ್ಥಳದ ಆ ಮಿರುಗುವ ನೆಲದ ಮೇಲೂ ಅತ್ತಿಗೆ ಸೀಮೆಸುಣ್ಣದ ಗೆರೆ ಎಳೆದೇ ಬಿಟ್ಟರು. ಅಲ್ಲಿನ ವ್ಯವಸ್ಥಾಪಕರು ಓಡಿ ಬಂದು ಕೂಗಾಡುತ್ತಿದ್ದಂತೆಯೇ, ಡಾಕ್ಟರ ಖಾಲಿಗಳು ಒಂದರ ಹಿಂದೊಂದು ಗೆರೆ ದಾಟಿ ಟಣಟಣನೆ ಉರುಳಿದವು.

"ಡಾಕ್ಟ್ರೇ, ಇದು ಇವತ್ತಿಗೆ ಸಾಲಲ್ಲ. ಕೊಡಿ ಇಲ್ಲಿ."

"ಸಾಧ್ಯವಿಲ್ಲ ಅತ್ತಿಗೆ. ಹೋದ ವರ್ಷ ನಿಮ್ಮ ಹೊಸ ಸ್ಪ್ರಿಂಗೇ ನನ್ನ ಮುಳುಗಿಸ್ತು. ಇವತ್ತು ಮತ್ತೆ ಕಚ್ಕೊಂಡ್ರೆ ನಿಮ್ಮ ರೂಮು ಹೋಗತ್ತೆ, ನನ್ನ ಮಾನ ಹೋಗತ್ತೆ."

ಅತ್ತಿಗೆ ಜೇಬಿನಿಂದ ಸುರುಳಿಯೊಂದನ್ನು ತೆಗೆದು ಅವರ ಅಂಗೈಯಲ್ಲಿಟ್ಟರು. "ಇದು ಹೊಸದಲ್ಲ ಡಾಕ್ಟ್ರೇ. ನಿಮ್ಮದೇ ಮೆತ್ತನೆ ತೋಟಾ ಹಾಕಿ, ದಿನಾ ಹೊಡೆದು ಹೊಡೆದು, ನಿಮಗೋಸ್ಕರ ನಾನೇ ಹಳೇದು ಮಾಡಿಟ್ಟಿದೀನಿ. ಹೊಸದರ ಬಿಗಿಯೆಲ್ಲಾ ನನ್ನ ಕೈಲೇ ಸಡ್ಲಾಗಿದೆ. ಪೂರ್ತಿ ದಣಿಯೋಕೆ ಇನ್ನೂ ಬೇಕಾದಷ್ಟು ಟೈಮಿದೆ."

ನಾವು ವರ್ಷವಿಡೀ ನಕ್ಕಿದ್ದೆಲ್ಲ ಏನಕ್ಕೆಂದು ಆಗ ಹೊಳೆಯಿತು. ಮೂವರಿಗೂ ಒಂದೊಂದು ಹೀಗೆ ಪಳಗಿಸಿಟ್ಟಿದ್ದರು, ಪುಣ್ಯಾತ್ಗಿತ್ತಿ! ಡಾಕ್ಟರು ಪಿಸ್ತೂಲನ್ನು ಮುಂದೆ ಚಾಚಿದರು. ಅತ್ತಿಗೆ ಸ್ಪ್ರಿಂಗು ಬದಲಿಸಿ, ಪರೀಕ್ಷೆಗೆ ಕೆಲವು ಗುಂಡು ಹೊಡೆಸಿದರು. ಖಾಲಿಗಳೆಲ್ಲ ಗೆರೆಯೊಳಗೇ ಸಾಲಾಗಿ ಬಿದ್ದವು.

ಫೈನಲ್ಲಿನ ವಿವರಗಳನ್ನು ಬರೆಯಲು ಹೊರಟರೆ ಈ ಸಂಪುಟದಲ್ಲಿ ಬೇರೆಯವರಿಗೆ ಪುಟ ಉಳಿಯದು. ಡ್ರಾಯಿಂಗ್ ಟೀಚರು ಮುನ್ನಡೆ ತಂದರು, ನಾನು ಅದನ್ನು ಉಳಿಸಿದೆ, ಡಾಕ್ಟರು ಸೆಮಿಫೈನಲ್ಲಿನ ತಮ್ಮ ಅಂಕವನ್ನೇ ಮೀರಿಸಿ ಎದುರಾಳಿಗಳ ಬಾಯಿ ಮುಚ್ಚಿಸಿದರು. ಯಾರ ಪಿಸ್ತೂಲೂ ಒಮ್ಮೆಯೂ ಕೆಮ್ಮಲಿಲ್ಲ. ಗೆದ್ದೆವು! ಡಾಕ್ಟರು ಎಲ್ಲರೆದುರು ಚಿಕ್ಕ ಮಕ್ಕಳಂತೆ ಅತ್ತರು. ಅತ್ತಿಗೆ ಮಾತ್ರ ಮಂಡಿಯೂರಿ, ಬೈಯುತ್ತ ನಿಂತಿದ್ದ ವ್ಯವಸ್ಥಾಪಕರ ಎದುರಿಗೇ ನೆಲ ಒರೆಸುತ್ತಿದ್ದರು. ಕಪ್ಪು ಬಂದ ಮರುದಿನ ಕಾರ್ಯದರ್ಶಿಗಳು ರಿಪೇರಿ ರೂಮಿನ ಬಾಗಿಲಲ್ಲಿ ತಮ್ಮದೇ ಪಿಸ್ತೂಲಿನ ಪೆಟ್ಟಿಗೆ ಹಿಡಿದು, "ಅತ್ತಿಗೆ, ನಂದೂ ಸ್ವಲ್ಪ ನೋಡ್ತೀರಾ?" ಎಂದು ನಿಂತಿದ್ದರು. ಕ್ಯೂನಲ್ಲಿ ಬನ್ನಿ ಎಂದು ಅತ್ತಿಗೆ ಅವರನ್ನು ಎಲ್ಲರ ಹಿಂದೆ ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಕೋಣೆಯನ್ನು ಮುಚ್ಚುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಸ್ಪ್ರಿಂಗು ಪಳಗಿಸಿಡುವ ಆ ಪದ್ಧತಿ ಇಂದಿಗೂ ನಡೆದುಬಂದಿದೆ. ನಮ್ಮ ಕ್ಲಬ್ಬು ಗೆದ್ದ ಪ್ರತಿ ಕಪ್ಪಿಗೂ ಮೊದಲು ಅತ್ತಿಗೆಯ ಮಣಿಕಟ್ಟು ಸಾವಿರಾರು ಒದೆ ತಿಂದಿದೆ. ಇನ್ನೊಬ್ಬರ ಸ್ಪ್ರಿಂಗು ಪಳಗಿಸುವ ಭರದಲ್ಲಿ ಅವರು ತಮ್ಮ ಹೆಸರಿನಲ್ಲಿ ಒಂದೇ ಒಂದು ಪಂದ್ಯ ಆಡಿದವರಲ್ಲ. ಮೊನ್ನೆ ನಾನೇ ಹಿರಿಯರ ವಿಭಾಗಕ್ಕೆ ಅವರ ಹೆಸರು ಬರೆಸಿ ಬಂದೆ. "ನಿಂಗೇನು ಬಂತೇ ದೊಡ್ಡ ರೋಗ!" ಎಂದು ಬೈದರು, ಸಂಜೆ ಅಣ್ಣನ ಹತ್ತಿರ ಎಷ್ಟು ಹೊತ್ತಿಗೆ ಹೊರಡಬೇಕೆಂದು ವಿಚಾರಿಸಿದರಂತೆ. ನಮ್ಮ ಅತ್ತಿಗೆಗೆ ಗಟ್ಟಿ ಮಣಿಕಟ್ಟೂ ಚುರುಕು ಕಣ್ಣೂ ತುಂಬು ಆಯುಷ್ಯವೂ ಇರಲಿ. ಅವರ ಬೈಗುಳ ನಮ್ಮ ಕಿವಿಗೆ ಬಹುಕಾಲ ಬೀಳುತ್ತಿರಲಿ. ಮೊದಲ ಪಂದ್ಯಕ್ಕೆ ಬೇಕಾದ ಸ್ಪ್ರಿಂಗು ಸಿದ್ಧವಿದೆ. ಡಾಕ್ಟರೂ ಟೀಚರೂ ನಾನೂ ಸರದಿಯ ಮೇಲೆ ಹೊಡೆದು, ಅವರಿಗೋಸ್ಕರ ಹಳೆಯದು ಮಾಡಿಟ್ಟಿದ್ದೇವೆ.