ತುಕ್ಕು ಹಿಡಿಯದ ಚೊಂಬು

ಬೆಳಿಗ್ಗೆ ಸ್ಟೀಲ್ ಚೊಂಬು ಒರೆಸುವಾಗ ಅದರ ಕತ್ತಿನ ಬಳಿ, ಅಜ್ಜಿಯ ಹೆಸರು ಕೊರೆಸಿದ್ದ ಜಾಗದಲ್ಲಿ, ಎಳ್ಳುಕಾಳಿನಷ್ಟು ಕಂದು ಚುಕ್ಕೆ ಕಂಡಿತು. ಇದೇನು ಮಹಾ ಎಂದು ನಿಮಗೆ ಅನ್ನಿಸಬಹುದು. ನಮ್ಮ ಮನೆಯಲ್ಲಿ ಮಾತ್ರ ಇದು ದೊಡ್ಡ ಸುದ್ದಿ. ಒಂದು ಕಾಲಕ್ಕೆ ಈ ಚೊಂಬಿನ ಮೇಲೆ ನನ್ನ ಮದುವೆಯೇ ನಿಂತಿತ್ತು.

ಅರವತ್ತರ ದಶಕ. ಮಧುಗಿರಿಯ ನಮ್ಮ ಬೀದಿಯಲ್ಲಿ ಎಲ್ಲರದೂ ಹಿತ್ತಾಳೆ ಪಾತ್ರೆ. ಸಿರಾದಿಂದ ಕಲಾಯಿ ಸಾಬರು ಬಂದು ತಿದಿ ಒತ್ತಿದರೆ ಹೆಂಗಸರೆಲ್ಲ ಪಾತ್ರೆ ಹೊತ್ತು ಓಡುತ್ತಿದ್ದರು. ಅಜ್ಜಿಯೂ ಹೋಗುತ್ತಿದ್ದಳು, ಕಲಾಯಿಯೇ ಬೇಡದ ಈ ಚೊಂಬನ್ನು ಕಂಕುಳಲ್ಲಿಟ್ಟುಕೊಂಡು, ಬರೀ ತೋರಿಸಿಕೊಂಡು ಬರಲು.

ನನ್ನನ್ನು ನೋಡಲು ಕೊರಟಗೆರೆಯಿಂದ ಗಂಡು ಬಂತು. ಮುಂಬಯಿಯ ಅಣುಶಕ್ತಿ ಕೇಂದ್ರದಲ್ಲಿ ಕೆಲಸ. ಅಜ್ಜಿ ಅದೇ ಚೊಂಬಿನಲ್ಲಿ ನೀರು ಕೊಟ್ಟು, "ಇದ್ಕೆ ತುಕ್ಕು ಗಿಕ್ಕು ಹಿಡಿಯಾಕಿಲ್ಲ ಕಣಪ್ಪ," ಎಂದಳು.

ಅವನು (ಆಗಿನ್ನೂ ‘ಅವನು’ ಎನ್ನಬಹುದಿತ್ತು) ನೀರು ಕುಡಿದು, "ಹಿಡೀತದಜ್ಜಿ," ಎಂದ.

ಹೆಣ್ಣು ನೋಡಲು ಬಂದವನು ಆಡುವ ಮಾತೇ ಅದು? ನಾನು ಬಾಗಿಲ ಸಂದಿಗೆ ಇನ್ನಷ್ಟು ಕಿವಿಗೊಟ್ಟೆ. ಅವನೋ ಉತ್ಸಾಹದಲ್ಲಿ ವಿವರಿಸತೊಡಗಿದ. ಅಣು ರಿಯಾಕ್ಟರಿನಲ್ಲಿ ನೀರನ್ನು ಒತ್ತಡದಲ್ಲಿ ಕೂಡಿಹಾಕಿ, ಕುದಿಯಲು ಬಿಡದೆ, ಕುದಿನೀರಿಗಿಂತ ಎಷ್ಟೋ ಹೆಚ್ಚು ಬಿಸಿ ಮಾಡುತ್ತಾರಂತೆ. ಆ ನೀರಿನಲ್ಲಿ ಸ್ಟೀಲೂ ಸವೆಯುತ್ತದಂತೆ. ಉಪ್ಪಿನಂಶವೋ ಗಾಳಿಯೋ ಸೇರಿದ್ದರೆ ಕಣ್ಣಿಗೆ ಕಾಣದಂಥ ಬಿರುಕು ಬಿಡುತ್ತದಂತೆ. ಸ್ಟೀಲ್ ತುಂಡುಗಳನ್ನು ವಾರಗಟ್ಟಲೆ ಅಂಥ ನೀರಿನಲ್ಲಿಟ್ಟು, ತೆಗೆದು, ತೂಗಿ ನೋಡುವುದೇ ಅವನ ಕೆಲಸ.

ಅಜ್ಜಿ ಪಾವಗಡದ ಕಡೆಯವಳು, ಸಿಟ್ಟು ಬಂದರೆ ತೆಲುಗು ಇಣುಕುತ್ತಿತ್ತು. "ಏಮಪ್ಪಾ, ನೀರ್ನಾಗೆ ಕಬ್ಬಿಣ ಬೇಯಿಸಿ ತೂಗಾಕೂ ಸಂಬ್ಳ ಕೊಡ್ತಾರಾ?"

"ಕೊಡ್ತಾರಜ್ಜಿ. ಅದು ಬೇಗ ಬೇಯಾಕಿಲ್ಲ, ಅದ್ಕೇ ಕೆಲ್ಸ ಕಾಯಂ."

ನಾನು ಬಾಯಿಗೆ ಸೆರಗು ತುರುಕಿಕೊಂಡರೂ ನಗು ಹೊರಗೆ ಬಂದುಬಿಟ್ಟಿತು. ಆ ಗಳಿಗೆಯಲ್ಲೇ ಅವನು ನನಗೆ ಇಷ್ಟವಾಗಿಬಿಟ್ಟ.

ಅವರು ಹೋದ ಮೇಲೆ ಅಜ್ಜಿ, "ನನ್ ಚೊಂಬಿಗೇ ಹೆಸ್ರಿಟ್ಟೋನು ನಾಳೆ ಹುಡ್ಗೀನ ಬುಟ್ಟಾನಾ? ಬ್ಯಾಡ ಬುಡ್ರಿ," ಎಂದಳು. ಅವಳ ಮಾತು ಮೀರುವವರು ಮನೆಯಲ್ಲಿರಲಿಲ್ಲ. ನಾನೇ ಇಲ್ಲದ ಧೈರ್ಯ ತಂದುಕೊಂಡು, "ಚೊಂಬೂ ನನ್ ಜತೆ ಕಳ್ಸಜ್ಜಿ. ತುಕ್ಕು ಹಿಡಿದ್ರೆ ಅವ್ರು ಗೆದ್ರು, ಇಲ್ದಿದ್ರೆ ನೀನು," ಎಂದೆ.

ಅಜ್ಜಿ ನನ್ನ ಮುಖವನ್ನೇ ನೋಡಿದಳು. "ಹಿಂಗಾ ಸಮಾಚಾರ!" ಎಂದು ನಕ್ಕುಬಿಟ್ಟಳು.

ಮದುವೆಯಾದ ಮೇಲೆ ಚೊಂಬು ಹಿಡಿದು ಊರಿಗೆ ಹೋದಾಗಲೆಲ್ಲ ಅವಳು ಮೊದಲು ನೋಡುತ್ತಿದ್ದುದು ಚೊಂಬನ್ನು, ನಂತರ ನನ್ನನ್ನು. "ಏನಪ್ಪಾ, ಹಿಡೀತಾ?" "ಇನ್ನೂ ಇಲ್ಲಜ್ಜಿ." ಇವರು ಸೋತ ಮುಖ ಮಾಡಿದಷ್ಟೂ ಎಲೆಗೆ ಒಬ್ಬಟ್ಟು ಹೆಚ್ಚು ಬೀಳುತ್ತಿತ್ತು. ಅಜ್ಜಿ ತೀರಿಕೊಂಡದ್ದೂ ಗೆದ್ದವಳಾಗಿಯೇ.

ಇವತ್ತು ಚುಕ್ಕೆಯನ್ನು ಇವರಿಗೆ ತೋರಿಸಿದೆ. ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಅಡುಗೆಮನೆಗೆ ಹೋಗಿ, ಹುಣಸೆಹಣ್ಣು ಹಾಕಿ ತಿಕ್ಕತೊಡಗಿದರು.

"ಅಂತೂ ಗೆದ್ದಿರಲ್ಲ!" ಎಂದೆ.

ತೊಳೆದ ಚೊಂಬನ್ನು ನನ್ನ ಕೈಗಿಟ್ಟು, "ಎಲ್ಲಿದೆ ತುಕ್ಕು?" ಎಂದರು.