ಹಾಸಿಗೆಯ ಪಕ್ಕದಲ್ಲೇ ಪಾಠ ಹೇಳಿದ ಡಾ. ಓರಿಸ್ಯಾ ಹ್ರಿಚಾಕ್

ಸಸ್ಕಾಟೂನ್ ನಗರದಲ್ಲಿ ಔಷಧವಿಜ್ಞಾನ ಓದಿದವರ ನಡುವೆ ಡಾ. ಓರಿಸ್ಯಾ ಹ್ರಿಚಾಕ್ ಅವರ ಹೆಸರೆತ್ತಿದರೆ ಸಾಕು, ಪ್ರತಿಯೊಬ್ಬರೂ ತಮ್ಮ ಮೊದಲ ರೋಗಿಯ ಕಥೆ ತೆಗೆಯುತ್ತಾರೆ. ನೆಲಮಾಳಿಗೆಯ ಔಷಧಾಲಯದಲ್ಲಿ ಮಾತ್ರೆ ತುಂಬಿಸುವುದನ್ನೇ ತರಬೇತಿ ಎನ್ನುತ್ತಿದ್ದ ಕಾಲದಲ್ಲಿ, ಹಿರಿಯ ವೈದ್ಯರ ಮುನಿಸಿಗೆ ಸೊಪ್ಪು ಹಾಕದೆ, ವಿದ್ಯಾರ್ಥಿಗಳನ್ನು ರೋಗಿಯ ಹಾಸಿಗೆಯ ಬಳಿಗೇ ಕರೆತಂದ ಅಧ್ಯಾಪಕಿ ಅವರು.

ಉತ್ತರದ ಲಾ ರಾಂಜ್ ಊರಿನಿಂದ ಬಂದಿದ್ದ, ಕ್ರೀ ಎಂಬ ಮೂಲನಿವಾಸಿ ಸಮುದಾಯದ ವಿದ್ಯಾರ್ಥಿನಿ ಲೋರ್ನಾ ಒಕೆಮಾ ಪರೀಕ್ಷೆಗಳಲ್ಲೆಲ್ಲ ಮೊದಲಿಗಳು. ವಾರ್ಡಿನಲ್ಲಿ ಮಾತ್ರ ಬಾಯಿ ಬಿಡಲು ಅಂಜುತ್ತಿದ್ದಳು. ಕಾಲಿನ ಹುಣ್ಣಿಗೆಂದು ದಾಖಲಾಗಿದ್ದ ಮುದುಕ ವಿಲ್ಫ್ ಥಾರ್ಸನ್ ಅವಳನ್ನು ದಿನವೂ ರೇಗಿಸುತ್ತಿದ್ದ: "ಮಾತ್ರೆ ಹುಡುಗಿ, ಈ ಆಸ್ಪತ್ರೆ ಕಾಫಿಗೂ ಏನಾದ್ರೂ ಮದ್ದಿದ್ರೆ ಕೊಡಮ್ಮ."

ಜನವರಿಯ ಒಂದು ಬೆಳಿಗ್ಗೆ ಲೋರ್ನಾ ಮತ್ತು ಹ್ರಿಚಾಕ್ ವೈದ್ಯರ ತಂಡದೊಂದಿಗೆ ಹೋದಾಗ ಆತ ಮಾತಾಡಲಿಲ್ಲ. ಕಣ್ಣು ತೆರೆಯುತ್ತಿಲ್ಲ, ಉಸಿರು ನಿಧಾನ. ಪಾರ್ಶ್ವವಾಯುವಿರಬಹುದೆಂದು ವೈದ್ಯರು ಮೆದುಳಿನ ಸ್ಕ್ಯಾನಿಗೆ ಕಳಿಸಲು ಅವಸರಪಟ್ಟರು. ಲೋರ್ನಾ ಹ್ರಿಚಾಕ್ ಮೇಡಂ ಅವರ ಮುಖ ನೋಡಿದಳು.

"ನನ್ನನ್ನೇನು ನೋಡ್ತೀಯ? ಅವರನ್ನ ನೋಡು," ಎಂದರು ಹ್ರಿಚಾಕ್.

ಲೋರ್ನಾ ಹೊದಿಕೆ ಸರಿಸಿದಳು. ಹಳೆಯ ಬೆನ್ನುನೋವಿಗೆಂದು ಭುಜದ ಹಿಂದೆ ಅಂಟಿಸಿದ್ದ, ಅಫೀಮಿನಂಥ ನೋವುಮದ್ದಿನ ಪಟ್ಟಿಯ ಮೇಲೆ ಗೋಧಿ ತುಂಬಿದ ಬಿಸಿ ಚೀಲವಿತ್ತು. ಚಳಿಯೆಂದು ಹೆಂಡತಿ ಇಂಗ್ರಿಡ್ ಅಕ್ಕರೆಯಿಂದ ಇಟ್ಟದ್ದು. ಈ ಬಾರಿ ಲೋರ್ನಾಳ ದನಿ ಹೊರಟಿತು.

"ಡಾಕ್ಟರೇ, ಬಿಸಿಗೆ ಪಟ್ಟಿಯ ಮದ್ದು ಜಾಸ್ತಿ ಒಳಗೆ ಹೋಗಿದೆ. ಎರಡನ್ನೂ ತೆಗೀಬೇಕು, ಅದರ ಅಮಲು ಇಳಿಸೋ ಮದ್ದು ಈಗಲೇ ಕೊಡಬೇಕು."

ಕೊಟ್ಟರು. ಕೆಲವೇ ನಿಮಿಷಗಳಲ್ಲಿ ವಿಲ್ಫ್ ಕಣ್ಣುಬಿಟ್ಟು, ಇಷ್ಟೊಂದು ಜನ ಯಾಕೆ ಸೇರಿದ್ದೀರೆಂದು ಗೊಣಗಿದ. ಇಡೀ ವಾರ್ಡಿಗೆ ಜೀವ ಬಂದಂತಾಯಿತು. ವೈದ್ಯರು ಹ್ರಿಚಾಕ್ ಅವರನ್ನು ಅಭಿನಂದಿಸಲು ತಿರುಗಿದರೆ ಅವರು ಅಲ್ಲವೆಂದು ತಲೆಯಾಡಿಸಿದರು: "ನಾನೂ ಹೊದಿಕೆ ಸರಿಸಿರಲಿಲ್ಲ. ನೋಡಿದ್ದು ಇವಳು." ಅನಂತರ ಅಳುತ್ತಿದ್ದ ಇಂಗ್ರಿಡ್ ಪಕ್ಕ ಕೂತು, ತಪ್ಪು ಆಕೆಯದಲ್ಲವೆಂದು ಸಮಾಧಾನಪಡಿಸಿ, ಆ ಚೀಲವನ್ನು ಮತ್ತೆಲ್ಲಿಗೂ ಇಡದೆ ಮನೆಗೆ ಒಯ್ಯುವಂತೆ ಹೇಳಿ, ಆಕೆ ನಗುವವರೆಗೂ ಎದ್ದೇಳಲಿಲ್ಲ.

ಅಂದಿನಿಂದ ಲೋರ್ನಾಳ ಬಾಯಿಯನ್ನು ಯಾರಿಂದಲೂ ಮುಚ್ಚಿಸಲಾಗಲಿಲ್ಲ. ಇಂದು ಉತ್ತರದ ಆಸ್ಪತ್ರೆಯೊಂದರಲ್ಲಿ ವಿದ್ಯಾರ್ಥಿಗಳ ತರಬೇತಿ ಅವಳದೇ ಹೊಣೆ. ಅಲ್ಲಿ ಕ್ರೀ ಭಾಷೆಯಲ್ಲೂ ರೋಗಿಗಳನ್ನು ಮಾತಾಡಿಸುತ್ತಾರೆ. ನಿವೃತ್ತಿಯ ಮರುವಾರವೇ ಹ್ರಿಚಾಕ್ ಅಲ್ಲಿಗೆ ಹೊರಟಿದ್ದಾರೆ, ಕಲಿಸಲು ಮಾತ್ರವಲ್ಲ, ಆ ನುಡಿಯನ್ನು ಕಲಿಯಲೂ. ನೂರು ವರ್ಷ ಗಟ್ಟಿಮುಟ್ಟಾಗಿದ್ದು ನಮ್ಮ ಮೇಡಂ ಅದನ್ನು ನಿರರ್ಗಳವಾಗಿ ಮಾತಾಡುವಂತಾಗಲಿ. ಮೊದಲ ಕ್ರೀ ಪಾಠ ಹೇಳಲು ಲೋರ್ನಾ ಆಗಲೇ ರೋಗಿಯೊಬ್ಬರನ್ನು ಒಪ್ಪಿಸಿಟ್ಟಿದ್ದಾಳೆ.